ಬಾರದ ಸ್ಪೇರ್ ಪಾರ್ಟ್

ದೀಪ ರಿಪೇರಿಯಾಗಿ ಮೂರು ವಾರ ಕಳೆದಿತ್ತು. ಆದರೂ ಗುರುದೇವಿ ಪ್ರತಿ ಶನಿವಾರ ಸತ್ಯಪ್ರಕಾಶನಿಗೆ ಅದೇ ಸುಳ್ಳು ಹೇಳುತ್ತಿದ್ದಳು. "ಡೆನ್ಮಾರ್ಕಿನಿಂದ ಒಂದು ಪಾರ್ಟ್ ಬರಬೇಕ್ರಿ. ಮುಂದಿನ ವಾರ ನೋಡೋಣು."

ಧಾರವಾಡದ ಗುರುದೇವಿ ಪರದೇಶದ ಪಿನ್ನರ್ ಎಂಬ ಬಡಾವಣೆಯಲ್ಲಿ, ಅಡಿವೆಪ್ಪ ಕಾಕಾನ ಅಂಗಡಿಯಲ್ಲಿ ಹಳೆಯ ದೀಪಗಳಿಗೆ ಹೊಸ ವೈರು ಹಾಕುವವಳು. ಬೆಂಗಳೂರಿನ ಸತ್ಯಪ್ರಕಾಶ ಅದೇ ನಗರದ ಕೊಲಿಂಡೇಲ್‌ನಲ್ಲಿ ಹೊಸದಾಗಿ ಫ್ಲಾಟ್ ಹಿಡಿದಿದ್ದ. ಅವನು ತಂದಿದ್ದು ಅರವತ್ತು ವರ್ಷ ಹಳೆಯ ಡೇನಿಶ್ ತೂಗುದೀಪ. ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಕವುಚಿಟ್ಟಂತೆ ಮೂರು ಶೇಡು. ಬಲ್ಬು ಕಣ್ಣಿಗೆ ಬೀಳುವುದಿಲ್ಲ, ಬೆಳಕು ಮಾತ್ರ ಮೇಜಿನ ಮೇಲೆ ಮೆತ್ತಗೆ ಇಳಿಯುತ್ತದೆ.

ಬಂದವನು ಕೌಂಟರಿಗೆ ಮೊಣಕೈ ಊರಿ ಅವಳ ಬೆರಳುಗಳನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳು ತಲೆ ಎತ್ತಿದರೆ ಚಟ್ಟನೆ ಗೋಡೆ ಗಡಿಯಾರದತ್ತ ತಿರುಗುತ್ತಿದ್ದ. ಆ ಗಡಿಯಾರ ನಿಂತು ವರ್ಷವಾಗಿತ್ತು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ದೀಪ ಒಯ್ದ ಮೇಲೆ ಇವನು ಮತ್ತೆ ಯಾಕೆ ಬಂದಾನು ಎಂಬ ಭಯಕ್ಕೇ ಆ ಸುಳ್ಳು.

ನಾಲ್ಕನೆಯ ಶನಿವಾರ ಅವನು ಬರಲಿಲ್ಲ. ಮಧ್ಯಾಹ್ನ ಎರಡಾಯಿತು.

"ಆ ಬೆಂಗಳೂರು ಹುಡುಗ ದೀಪ ಒಯ್ದನೇನವಾ?" ಕಾಕಾ ಕೇಳಿದ. "ಹಿಂದೊಮ್ಮೆ ಫೋನ್ ಮಾಡಿದ್ದ. ರೆಡಿ ಐತಿ ಅಂತ ಹೇಳಿದ್ದೆ."

ಗುರುದೇವಿ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟಳು. ಅವನಿಗೆ ಎಲ್ಲ ಗೊತ್ತಾಗಿದೆ. ತನ್ನನ್ನು ಎಂಥವಳು ಅಂದುಕೊಂಡನೋ. ದೀಪವನ್ನು ಪೆಟ್ಟಿಗೆಗೆ ಹಾಕಿ, ರಸೀತಿಯಲ್ಲಿದ್ದ ಅಡ್ರೆಸ್ ಹಿಡಿದು ಬಸ್ ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು.

ಬಾಗಿಲು ತೆರೆದವನ ಕಾಲಿಗೆ ಬ್ಯಾಂಡೇಜ್ ಇತ್ತು.

"ತಪ್ಪಾತ್ರಿ," ಅವಳು ಒಂದೇ ಉಸಿರಿಗೆ ಅಂದಳು. "ಯಾವ ಪಾರ್ಟೂ ಬರೋದಿದ್ದಿಲ್ಲ. ನೀವು ಬರೋದು ನಿಂತೀತು ಅಂತ ಸುಳ್ಳು ಹೇಳಿದೆ. ಸಿಟ್ಟಾಗಿ ಇವತ್ತ ಬರಲಿಲ್ಲೇನು?"

"ನಿಮ್ಮಲ್ಲಿಗೇ ಹೊರಟಿದ್ದೆ. ಬಸ್ ಸ್ಟಾಪಿನಲ್ಲಿ ಕಾಲು ಉಳುಕ್ತು. ಈಗಷ್ಟೇ ಆಸ್ಪತ್ರೆಯಿಂದ ಬಂದೆ," ಎಂದ ಅವನು. "ಕಾಕಾ ನನಗೆ ಹೇಳಿ ಮೂರು ವಾರ ಆಯ್ತು."

"ಗೊತ್ತಿದ್ದೂ ಬರ್ತಿದ್ರಿ?"

"ನೀವು ಕೊಟ್ಟುಬಿಟ್ಟಿದ್ರೆ ಇನ್ನೊಂದು ದೀಪ ಕೆಡಿಸ್ಕೊಂಡು ಬರಬೇಕಾಗ್ತಿತ್ತು."

ಅವಳು ಒಳಗೆ ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ನಗು ತಾನಾಗಿ ಹೊರಬಂತು. "ಹೆಸರಿಗೆ ಸತ್ಯಪ್ರಕಾಶ. ಮಾಡೋದೆಲ್ಲಾ ನಾಟಕ."

ಅವನು ಕುಂಟುತ್ತ ಹೋಗಿ ಚಹಾಕ್ಕೆ ನೀರಿಟ್ಟ. ಅವಳು ಕುರ್ಚಿ ಹತ್ತಿ ದೀಪವನ್ನು ಮೇಜಿನ ಮೇಲ್ಗಡೆ ಚಾವಣಿಯ ಕೊಕ್ಕೆಗೆ ಸಿಕ್ಕಿಸಿದಳು.

"ಎಷ್ಟು ಕೆಳಗ ಇಳಿಸ್ಲಿ? ಎದುರು ಕೂಡೋರ ಮುಖ ಮರೆ ಆಗಬಾರ್ದು. ಯಾರು ಕೂಡ್ತಾರ?"

"ನೀವು ಕೂತು ನೋಡಿ."

ಕೂತಳು. ಅವನು ಚಹಾ ತಂದಿಟ್ಟು ಎದುರಿನ ಕುರ್ಚಿ ಎಳೆದುಕೊಂಡ. ಈ ಸಲ ಅವಳು ತಲೆ ಎತ್ತಿದಾಗ ಅವನು ಕಣ್ಣು ತಪ್ಪಿಸಲಿಲ್ಲ.

"ದಿನಾ ಇಲ್ಲೇ ಕೂತ್ಕೋತೀರಾ, ಗುರುದೇವಿ? ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಳು. "ನಮ್ಮವ್ವಗ ಒಂದು ಮಾತು ಕೇಳಬೇಕ್ರಿ."

"ಬೇಡ ಅಂದ್ರೆ?"

"ಅನ್ನಂಗಿಲ್ಲ. ತಿಂಗಳಿಂದ ಫೋನಿನಾಗ ಅಕಿಗೆ ಬರೇ ನಿಮ್ಮ ಸುದ್ದೀನೇ ಹೇಳಾಕತ್ತೀನಿ."