ಇಬ್ಬರನ್ನು ಎತ್ತಲಾರದ ಕಪ್ಪೆ

ಪ್ರೀತಿಸಿದವನನ್ನು ಆಲೂಗಡ್ಡೆ ಮೂಟೆಯ ಹಾಗೆ ತಕ್ಕಡಿ ಹತ್ತಿಸಿ ನಿಲ್ಲಿಸಿದ ಹೆಂಗಸು ಇಡೀ ಆಸ್ಟ್ರೇಲಿಯಾ ಖಂಡದಲ್ಲಿ ಒಬ್ಬಳೇ. ಆ ನೆರಿಡಾ ನಮ್ಮ ಪೇನ್ಸ್‌ವಿಲ್ ಕಡೆಯವಳು ಅಂತ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

"ಬೂಟು ಬಿಚ್ಲಾ?" ಅಂದ ಡೂಗಲ್.

"ಬೂಟು ಹಾಕ್ಕೊಂಡೇ ಹಾರ್ತೀಯಲ್ಲ? ಹಾಕ್ಕೊಂಡೇ ನಿಲ್ಲು."

"ಜೇಬಲ್ಲಿ ಮಾಂಸದ ಪೈ ಇದೆ."

"ಪೈನೂ ಹಾರುತ್ತೆ. ನಿಲ್ಲು ಮಾರಾಯ."

ಅವನು ನಿಂತ. ಮುಳ್ಳು ನಡುಗಿ, ನಾಚಿ, ಒಂದು ಕಡೆ ನಿಂತಿತು. "ಈಗ ನಿನ್ನ ಸರದಿ" ಅಂದ, ಬಾಯಿಂದ ಹೊರಟ ಮೇಲೆ ತಾನೇ ಹೆದರಿದ. ನಮ್ಮ ಸರೋವರಗಳ ಸೀಮೆಯಲ್ಲಿ ಹೆಂಗಸಿನ ತೂಕ ಕೇಳಿದ ಗಂಡಸರ ಮೂಳೆಗಳು ಇವತ್ತಿಗೂ ನೀರಿನ ತಳದಲ್ಲಿ ಬಿದ್ದಿವೆ. ನಂಬಿಕೆಯಿಲ್ಲದವರು ಮುಳುಗಿ ನೋಡಬಹುದು. ಆದರೆ ನೆರಿಡಾಗೆ ಸಿಟ್ಟು ಮಾಡಿಕೊಳ್ಳುವಷ್ಟು ಕಸುವೂ ಇರಲಿಲ್ಲ. ಸುಮ್ಮನೆ ಹತ್ತಿದಳು, ಇಳಿದಳು, ಎರಡನ್ನೂ ಕೂಡಿದಳು, ನಿಟ್ಟುಸಿರಿಟ್ಟಳು.

"ನಾವಿಬ್ಬರೂ ಕೂತರೆ ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕಮ್ಮಿ. ಟ್ಯಾಂಕು ತುಂಬಿದರೆ ನಮ್ಮಲ್ಲಿ ಒಬ್ಬರು ಕೆಳಗೆ."

"ಅದೇನು ಎರಡು ಸೀಟಿನ ವಿಮಾನ ಅಂತ ಮಾರ್ತಾರೆ?"

"ಎರಡು ಸೀಟು ಅಂತ ಹೇಳ್ತಾರೆ. ಇಬ್ಬರು ಅಂತ ಹೇಳಲ್ಲ."

ನೆರಿಡಾ ವಿಮಾನದ ಮೆಕ್ಯಾನಿಕ್. ಅರ್ಧ ಆಯುಸ್ಸನ್ನು ಬೇರೆಯವರ ವಿಮಾನಗಳ ಉಪ್ಪು ತೊಳೆಯುವುದರಲ್ಲೇ ಕಳೆದವಳು. ಅವಳ ಅಂಗೈ ಎಷ್ಟು ಗಟ್ಟಿ ಅಂದರೆ ಬಿಸಿ ಕೆಟಲನ್ನು ಬರಿಗೈಲಿ ಎತ್ತಿ, ಹಾಲು ಹಾಕಲಾ ಅಂತ ನಿಧಾನವಾಗಿ ಕೇಳುತ್ತಿದ್ದಳು. ಡೂಗಲ್ ಬಾಸ್ ಜಲಸಂಧಿಯ ಆಚೆ ಫ್ಲಿಂಡರ್ಸ್ ದ್ವೀಪದಲ್ಲಿ ಕುರಿ, ದನಗಳ ಡಾಕ್ಟರು. ಇವಳು ಒಮ್ಮೆ ಅಲ್ಲಿ ಕೆಟ್ಟು ನಿಂತ ವಿಮಾನ ರಿಪೇರಿಗೆ ಹೋದಾಗ, ಅವನು ಟಾರ್ಚು ಹಿಡಿದುಕೊಂಡು ನಿಂತಿದ್ದ. ಅಷ್ಟೇ. ವಿಮಾನ ಸರಿಹೋಯಿತು, ಇವರಿಬ್ಬರೂ ಕೆಟ್ಟರು.

ಅಲ್ಲಿಂದ ಶುರುವಾಯಿತು ಓಡಾಟ. ಮೆಲ್ಬರ್ನ್‌ವರೆಗೆ ಕಾರು, ಅಲ್ಲಿಂದ ಅಲುಗಾಡುವ ಪುಟ್ಟ ವಿಮಾನ, ಅಲ್ಲೊಂದು ದಿನ, ಮತ್ತೆ ವಾಪಸ್ಸು. ಒಂದು ತಿಂಗಳು ಇವಳು, ಮುಂದಿನ ತಿಂಗಳು ಅವನು. ಅವರ ಪ್ರೀತಿಯಲ್ಲಿ ಮುತ್ತಿಗಿಂತ ಬ್ಯಾಗು ಹೊತ್ತದ್ದೇ ಹೆಚ್ಚು. ಎದುರು ಬದುರು ಕೂತರೆ ಮೊದಲ ಒಂದು ಗಂಟೆ ಇಬ್ಬರೂ ಆಕಳಿಸುತ್ತಿದ್ದರು.

ಹಾಗಾಗಿ ಅವನಿಗೆ ಈ ಕಪ್ಪೆಯ ಹುಚ್ಚು ಹಿಡಿಯಿತು. ನೆಲದಿಂದಲೂ ಏಳುವ, ನೀರಿಗೂ ಇಳಿಯುವ ಈ ಪುಟ್ಟ ವಿಮಾನಗಳನ್ನು ನಮ್ಮ ಕಡೆ ಕಪ್ಪೆ ಅಂತಲೇ ಕರೆಯುವುದು. ಹಲ್ಲು ಕೀಳುವುದನ್ನು ಬಿಟ್ಟು ನಿವೃತ್ತನಾದ ಮರ್ವ್ ತನ್ನದನ್ನು ಮಾರಲು ಹೊರಟಿದ್ದ. ಡೂಗಲ್ ಆಗಲೇ ನೀರಿಗಿಳಿಸುವ ತರಬೇತಿ ಮುಗಿಸಿ, ದ್ವೀಪದಲ್ಲಿದ್ದ ತನ್ನ ಗುಡ್ಡದ ಹುಲ್ಲುಗಾವಲನ್ನು ಮಾರಲು ಗಿರಾಕಿಯನ್ನೂ ಗೊತ್ತು ಮಾಡಿಕೊಂಡಿದ್ದ.

"ಪ್ರತಿ ಶುಕ್ರವಾರ ನಿನ್ನ ಮನೆ ಮುಂದಿನ ದೋಣಿಕಟ್ಟೆಗೇ ಬಂದಿಳೀತೀನಿ. ನೀನು ಪರೀಕ್ಷೆ ಮಾಡಿ ಹೂಂ ಅಂದ್ರೆ ತಗೋತೀನಿ, ಉಹೂಂ ಅಂದ್ರೆ ಬಿಟ್ಟೆ."

ಪ್ರತಿ ಶುಕ್ರವಾರ! ಆ ಮಾತು ಕೇಳಿದಾಗ ನೆರಿಡಾಳ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ದಡದ ಹೆಜ್ಜಾರ್ಲೆ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಹಿಂದೆಯೇ ಅವಳಿಗೆ ಆ ಜಲಸಂಧಿ ನೆನಪಾಯಿತು. ಎದೆ ಸುಮ್ಮನಾಯಿತು.

ಈಗ ಅವಳು ಕಪ್ಪೆಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

"ಹೇಗಿದೆ?"

"ಕೊಳ್ಳೋದು ಸುಲಭ ಕಣೋ, ಸಾಕೋದು ಕಷ್ಟ. ಉಪ್ಪುನೀರಿಗೆ ಇಳಿದಾಗೆಲ್ಲ ಸಿಹಿನೀರಲ್ಲಿ ಸ್ನಾನ ಮಾಡಿಸ್ಬೇಕು. ಒಂದು ಸಲ ಸೋಮಾರಿತನ ಮಾಡಿದ್ರೆ ತುಕ್ಕು. ಇನ್ನು ವಿಮೆಯವರು, ನೀರಿಗೆ ಇಳಿಯುತ್ತೆ ಅಂತ ಕೇಳಿದ ತಕ್ಷಣ ಫೋನ್ ಇಟ್ಟು ಚಹಾ ಕುಡಿಯೋಕೆ ಹೋಗ್ತಾರೆ."

"ಖರ್ಚು ಬಿಡು. ಕೆಳಗೆ ಪೂರ್ತಿ ನೀರಿರೋವಾಗ, ನೀರಿಗಿಳಿಯೋ ವಿಮಾನಕ್ಕಿಂತ ಸುರಕ್ಷಿತ ಯಾವುದಿದೆ ಹೇಳು?"

ಅವಳು ಹೊಟ್ಟೆಯ ಕೆಳಗಿಂದ ಜಾರಿ ಹೊರಬಂದಳು. ಮೂಗಿನ ಮೇಲೆ ಗ್ರೀಸು. ಡೂಗಲ್‌ಗೆ ಅದನ್ನು ಒರೆಸುವ ಆಸೆ. ಕೈ ಅರ್ಧ ಎತ್ತಿ ಜೇಬಿಗೆ ಹಾಕಿಕೊಂಡ. ಅವಳು ಅದನ್ನೂ ನೋಡಿದಳು.

"ಇದು ಕೆರೆ ನೀರಿನ ಕಪ್ಪೆ. ಮೊಣಕಾಲುದ್ದದ ಅಲೆ ಬಂದ್ರೆ ಮೊಟ್ಟೆ ಹಾಗೆ ಒಡೆಯುತ್ತೆ. ನಿನ್ನ ಜಲಸಂಧೀಲಿ ಮನೆಯೆತ್ತರದ ಅಲೆ ಕಣೋ."

"ಹಾರಿಸಿ ನೋಡೋಣ ಬಾ, ಆಮೇಲೆ ಬೈಯುವೆಯಂತೆ."

ಕಾನೂನು ಒಪ್ಪುವ ಕೊನೆಯ ಕಿಲೋವರೆಗೆ ತುಂಬಿಕೊಂಡು ಕಪ್ಪೆ ಓಡುದಾರಿಯಿಂದ ಎದ್ದಿತು. ಬಿಸಿಲಿನ ದಿನ, ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಕೆಳಗೆ ನಮ್ಮ ಸರೋವರ ಕನ್ನಡಿಯಾಗಿತ್ತು. ಆ ದಿನ ದೇವರೇ ಇಣುಕಿ ಅಲ್ಲಿ ಗಡ್ಡ ಬೋಳಿಸಿಕೊಂಡ ಅಂತ ನಾನು ಆಣೆ ಮಾಡಿ ಹೇಳಬಲ್ಲೆ.

ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟು. ಡೂಗಲ್ ಮಾತಾಡುತ್ತಲೇ ಇದ್ದ: ಶುಕ್ರವಾರ ರಾತ್ರಿ ಏನು ಅಡುಗೆ, ಶನಿವಾರ ಎಲ್ಲಿ ಮೀನು ಹಿಡಿಯುವುದು, ಭಾನುವಾರ ಎಷ್ಟು ಹೊತ್ತಿನವರೆಗೆ ನಿದ್ದೆ. ಅವಳು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡಳು. ನಗುವನ್ನು ಕೆನ್ನೆಯೊಳಗೇ ಅಡಗಿಸಿದಳು. ಅವನು ಕಡೆಗಣ್ಣಲ್ಲಿ ಆ ಕೆನ್ನೆಯನ್ನೇ ನೋಡುತ್ತಿದ್ದ.

ನೀರಿಗಿಳಿಯುವ ಮೊದಲು ಕಪ್ಪೆ ಹಾರಿಸುವವರೆಲ್ಲ ಗಟ್ಟಿಯಾಗಿ ಒಂದು ಮಾತು ಹೇಳಲೇಬೇಕು. ಒಬ್ಬರೇ ಇದ್ದರೂ ಹೇಳಬೇಕು. ಚಕ್ರ ಕೆಳಗಿದ್ದು ನೀರು ಮುಟ್ಟಿದರೆ ಕಪ್ಪೆ ಮಗುಚಿ ಬೀಳುತ್ತದೆ. ತಲೆಕೆಳಗಾಗಿ, ಬೆಲ್ಟಿನಲ್ಲಿ ಸಿಕ್ಕಿ, ನೀರೊಳಗೆ.

"ನೀರಿಗೆ ಇಳೀತಿದ್ದೀನಿ, ಚಕ್ರ ಮೇಲಿದೆ" ಅಂದ ಡೂಗಲ್, ಸ್ಪಷ್ಟವಾಗಿ, ಮಗ್ಗಿ ಒಪ್ಪಿಸಿದ ಹಾಗೆ. ಕಣ್ಣು ಮಾತ್ರ ಅವಳ ಕೆನ್ನೆಯ ಮೇಲೇ ಇತ್ತು.

ನೆರಿಡಾ ಪಕ್ಕದ ಪುಟ್ಟ ಕನ್ನಡಿ ನೋಡಿದಳು. ಓಡುದಾರಿ ಬಿಟ್ಟಾಗಿನ ಹಾಗೇ ಚಕ್ರ ನೇತಾಡುತ್ತಿತ್ತು.

"ಮೇಲೆ! ಮೇಲೆ ಎತ್ತು! ಚಕ್ರ ಕೆಳಗಿದೆ!"

ಎಂಜಿನ್ ಅರಚಿತು. ಒಂದು ಕಪ್ಪು ಹಂಸದ ತಲೆಗೆ ತಾಗುವಷ್ಟು ಹತ್ತಿರದಿಂದ ಕಪ್ಪೆ ಮೇಲೆದ್ದಿತು. ಆಮೇಲೆ ಡೂಗಲ್ ಚಕ್ರ ಮಡಚಿ, ಕನ್ನಡಿಯಲ್ಲಿ ತಾನೂ ನೋಡಿ ಅವಳಿಗೂ ತೋರಿಸಿ, ಅಲುಗದ ನೀರಿನ ಮೇಲೆ ಎತ್ತರ ತಿಳಿಯದೆಂದು ದಡದ ಮರಗಳನ್ನು ಗುರುತು ಇಟ್ಟುಕೊಂಡು ಮೆಲ್ಲಗೆ ಇಳಿಸಿದ. ಎಂಜಿನ್ ನಿಲ್ಲಿಸಿದ. ನೀರು ಹೊಟ್ಟೆಗೆ ಚಪ್ ಚಪ್ ಅಂತ ಬಡಿಯಿತು.

"ಉಹೂಂ" ಅಂದಳು ನೆರಿಡಾ.

"ಒಂದು ತಪ್ಪಿಗೆ?"

"ಉಹೂಂ ಅಂದೆನಲ್ಲ. ಬೇಡ."

ಅವನು ನೀರು ನೋಡುತ್ತ ಕೂತ. "ಅರ್ಥವಾಯ್ತು ಬಿಡು. ಪ್ರತಿ ವಾರ ಅಂದ್ರೆ ನಿನಗೂ ಭಾರ. ತಿಂಗಳಿಗೊಂದು ಸಲ ಸಾಕು ಅಂತ ಬಾಯಿಬಿಟ್ಟು ಹೇಳೋದಲ್ವಾ? ಪಾಪದ ಬೋಲ್ಟುಗಳ ಮೇಲೆ ಯಾಕೆ ಹಾಕ್ತೀಯ?"

"ಥೂ, ಕುರಿ ಡಾಕ್ಟ್ರೇ! ಕುರಿಗಳ ಸಹವಾಸ ಮಾಡಿ ಮಾಡಿ ಬುದ್ಧೀನೂ ಕುರಿದಾಯ್ತು." ಅವಳು ಪೂರ್ತಿ ಅವನ ಕಡೆ ತಿರುಗಿದಳು. "ಶುಕ್ರವಾರ ಸಂಜೆ ಕಟ್ಟೆ ಮೇಲೆ ಕೂತು ಆಕಾಶ ನೋಡೋಳು ನಾನು. ಅರ್ಧ ಗಂಟೆ ತಡವಾದ್ರೆ ಗಾಳಿ ಇರ್ಬೇಕು ಅಂದ್ಕೋತೀನಿ. ಕತ್ತಲಾದ್ರೆ ಏನಂದ್ಕೊಳ್ಲಿ? ನನ್ನ ಕೆನ್ನೆ ನೋಡಿ ಚಕ್ರ ಮರೆಯೋ ಗಂಡಸು, ನನ್ನನ್ನೇ ನೆನೆಸ್ಕೊಂಡು ಅಷ್ಟು ದೊಡ್ಡ ಸಮುದ್ರ ದಾಟಿ ಬರ್ತಾನೆ ಅಂತ ನಾನು ನಿದ್ದೆ ಮಾಡ್ಲಾ? ನೀನು ಬೇಕು ಕಣೋ. ಬೇಕು ಅಂತಲೇ ಬೇಡ ಅಂದದ್ದು."

ಡೂಗಲ್ ಈ ಸಲ ಕೈಯನ್ನು ಜೇಬಿಗೆ ಹಾಕಲಿಲ್ಲ. ಹೆಬ್ಬೆರಳಿನಿಂದ ಅವಳ ಮೂಗಿನ ಗ್ರೀಸನ್ನು ಒರೆಸಲು ಹೋಗಿ ಕೆನ್ನೆಗೆಲ್ಲ ಬಳಿದ.

"ಹೋಗೋಣ. ಮರ್ವ್ ಕಾಯ್ತಿರ್ತಾನೆ" ಅಂದಳು, ಮುಖ ತಿರುಗಿಸಿ.

ಎಂಜಿನ್ ಹಚ್ಚಿದ. ಕಪ್ಪೆ ಓಡಿತು, ಓಡಿತು, ಓಡಿತು. ಸರೋವರದ ಈ ತುದಿಯಿಂದ ಆ ತುದಿಗೆ ಓಡಿದರೂ ನೀರು ಬಿಡಲಿಲ್ಲ. ಅಲೆಯೇ ಇಲ್ಲದ ನೀರು, ಭಾರ ಹೊತ್ತ ವಿಮಾನದ ಹೊಟ್ಟೆಯನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಸುತ್ತು ಹಾಕಿ ತಾನೇ ಅಲೆ ಎಬ್ಬಿಸಿ ಓಡಿಸಿದ. ಒಂದು ಕಡೆಯ ರೆಕ್ಕೆ ಎತ್ತಿ ನೋಡಿದ. ಹೆಜ್ಜಾರ್ಲೆಗಳು ಸಾಲಾಗಿ ಕೂತು ಅವನಿಗೆ ಅಂಕ ಕೊಟ್ಟವು. ಒಂದೂ ಪಾಸು ಮಾಡಲಿಲ್ಲ.

"ತೂಕ" ಅಂದಳು ನೆರಿಡಾ. "ಅಲ್ಲೊಂದು ಕಟ್ಟೆ ಇದೆ ನೋಡು. ನನ್ನನ್ನು ಇಳಿಸು. ಒಬ್ಬನೇ ಆದ್ರೆ ಏಳುತ್ತೆ. ನಾನು ಯಾರದಾದ್ರೂ ದೋಣೀಲಿ ಬರ್ತೀನಿ."

ಡೂಗಲ್ ಕಟ್ಟೆ ನೋಡಿದ. ಅವಳನ್ನು ನೋಡಿದ. ಆಕಳಿಸಿದ, ಅವಳೂ ಆಕಳಿಸಿದಳು.

"ಬೇಡ, ಕೂತಿರು" ಅಂದ. "ಇಷ್ಟು ದಿನ ಬೇಗ ಬರ್ಬೇಕು, ಬೇಗ ಬರ್ಬೇಕು ಅಂತಿದ್ದೆ. ಬರೋದಲ್ಲ ಕಣೇ ನನಗೆ ಬೇಕಾಗಿದ್ದು. ವಾಪಸ್ ಹೋಗದೆ ಇರೋದು. ಹುಲ್ಲುಗಾವಲು ಮಾರ್ತೀನಿ. ಆದ್ರೆ ಇದಕ್ಕಲ್ಲ. ನಿಮ್ಮ ಕಡೆ ಕುರಿಗಳಿಗೆ ಹೊಟ್ಟೆನೋವು ಬರಲ್ವಾ?"

"ಬರುತ್ತೆ. ನಮ್ಮ ಕುರಿಗಳು ದೊಡ್ಡ ಹೊಟ್ಟೆಬಾಕಗಳು."

"ಹಾಗಾದ್ರೆ?"

ನೆರಿಡಾಳಿಗೆ ಹೂಂ ಅನ್ನುವ ಅಭ್ಯಾಸ ತಪ್ಪಿಹೋಗಿತ್ತು. ಆದರೂ ಅಂದಳು.

ಫೋನಿನಲ್ಲಿ ಮರ್ವ್ ಕೂಗುತ್ತಿದ್ದ: "ಎಲ್ಲಿದ್ದೀರಿ? ಹೇಗಿದೆ ನನ್ನ ಬಂಗಾರ?"

"ದೋಣಿಯಾಗಿ ಪರವಾಗಿಲ್ಲ" ಅಂದ ಡೂಗಲ್. "ಸಂಜೆಯೊಳಗೆ ತಂದು ಕಟ್ತೀವಿ."

ಹೀಗೆ ನಮ್ಮ ಸರೋವರದ ಮೇಲೆ ಜಗತ್ತಿನ ಅತ್ಯಂತ ದುಬಾರಿಯಾದ, ಅತ್ಯಂತ ನಿಧಾನದ ದೋಣಿ ಮನೆಗೆ ಹೊರಟಿತು. ಮೇಲಿನ ಗಾಜನ್ನು ತೆರೆದಿಟ್ಟು ಮಾಂಸದ ಪೈ ಮುರಿದು ತಿಂದರು. ಬಾತುಕೋಳಿಗಳು ಅವರನ್ನು ದಾಟಿ ಮುಂದೆ ಹೋದವು. ಒಂದು ತಾಯಿಬಾತು ಮರಿಗಳೊಂದಿಗೆ ದಾಟಿತು.

ಅರ್ಧ ದಾರಿಯಲ್ಲಿ ನೆರಿಡಾಳ ತಲೆ ಅವನ ಭುಜಕ್ಕೆ ವಾಲಿತು. ವಿಮಾನದಲ್ಲಿ ಕೂತಾಗ ಪ್ರತಿ ಸದ್ದಿಗೂ ಕಿವಿಗೊಟ್ಟು, ಯಾವ ನಟ್ಟು ಸಡಿಲವೋ ಅಂತ ಎಚ್ಚರವಿರುತ್ತಿದ್ದ ಹೆಂಗಸು, ಬಾಯಿ ತೆರೆದು ಗೊರಕೆ ಹೊಡೆಯುತ್ತ ಮಲಗಿದಳು.

ಡೂಗಲ್ ಎಂಜಿನ್ನನ್ನು ಇನ್ನೂ ಸಣ್ಣಗೆ ಮಾಡಿ, ಮನೆಯ ದಾರಿಯನ್ನು ಇನ್ನಷ್ಟು ಉದ್ದ ಮಾಡಿಕೊಂಡ.