ಅಂಗಿ ಗುಂಡಿಯಷ್ಟು ಗಾಯ

ನದಿ ಇಳಿಯತೊಡಗಿದ ಸೆಪ್ಟೆಂಬರ್. ಸೋಮವಾರ, ಬೆಳಗಿನ ಆರು ಗಂಟೆ. ನಾನು ಕಾಫಿ ಸೋಸುತ್ತಿದ್ದೆ. ಬೇಲಿಯಾಚೆಯಿಂದ ಜುಲ್ಮೀರಾ ಕೂಗಿದಳು.

"ಅನ್ಸೆಲ್ಮು ಅಣ್ಣಾ, ಬೇಗ ಬನ್ನಿ. ಒಸ್ಮಾರ್ ಮೀನುಗಳನ್ನ ಯಾರೋ ಕೊಲ್ತಿದಾರೆ."

ಬಟ್ಟಲು ಅಲ್ಲೇ ಇಟ್ಟು ಓಡಿದೆ. ಎಪ್ಪತ್ತೊಂದರ ಕಾಲು ಎಷ್ಟು ಓಡೀತೋ ಅಷ್ಟು.

ಅವಳ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಗಾಜಿನ ತೊಟ್ಟಿ. ಅದರಲ್ಲಿ ಅಂಗೈ ಅಗಲದ ಎರಡು ಡಿಸ್ಕಸ್ ಮೀನು. ಒಂದರ ಪಕ್ಕೆಯಲ್ಲಿ ಮೂರು ಗಾಯ, ಇನ್ನೊಂದಕ್ಕೆ ಎರಡು. ಎಲ್ಲವೂ ದುಂಡಗೆ, ಬೆಳ್ಳಗೆ, ಅಂಗಿ ಗುಂಡಿಯಷ್ಟು. ಒಂದು ಗಾಯವಂತೂ ಅದೇ ರಾತ್ರಿಯದು.

"ಯಾವಾಗಿನಿಂದ?"

"ಮೂರು ವಾರ ಆಯ್ತು. ನೀವು ಬರಲಿ ಅಂತ ಕಾದೆ."

ಆ ಮೂರು ವಾರ ನಾನು ನದಿಯ ಮೇಲ್ಭಾಗದ ಹಳ್ಳವೊಂದರಲ್ಲಿ ಮೀನು ಹಿಡಿಯುವವರಿಗೆ ಅಡುಗೆ ಮಾಡಿ ಹಾಕಲು ಹೋಗಿದ್ದೆ. ಬಂದದ್ದು ಹಿಂದಿನ ಸಂಜೆ. ನನ್ನ ಜೊತೆಗೇ ಅವಳ ಮೈದುನ ವಲ್ಡೀರ್ ಕೂಡ ಬಂದಿದ್ದ. ಬಂದವನು ಮೀನು ನೋಡಿದ, ಮುಖ ಕೆಂಪು ಮಾಡಿಕೊಂಡ. ಶುಕ್ರವಾರದ ದೋಣಿಯಲ್ಲಿ ಎರಡನ್ನೂ ತನ್ನ ಮನೆಗೆ ಒಯ್ಯುತ್ತೇನೆಂದು ಹೇಳಿ, ಮುಚ್ಚಳದ ಪೆಟ್ಟಿಗೆಯೊಂದನ್ನು ಜಗುಲಿಯಲ್ಲಿಟ್ಟಿದ್ದ.

ಜುಲ್ಮೀರಾಳ ಗಂಡ ಒಸ್ಮಾರ್ ಜುಲೈ ಕೊನೆಯಲ್ಲಿ ತೀರಿಕೊಂಡ. ಅವನೂ ನಾನೂ ನಲವತ್ತು ವರ್ಷ ಒಂದೇ ದೋಣಿಯಲ್ಲಿ ಮೀನು ಹಿಡಿದವರು. ಈ ಎರಡು ಡಿಸ್ಕಸ್ ಅವನ ಕೈಗೆ ಸಿಕ್ಕ ಕೊನೆಯವು.

ನಮ್ಮ ಊರಿನಲ್ಲಿ ಮೀನಿನ ಹೆಸರಿನ ಎರಡು ಪಂಗಡ, ಡಿಸ್ಕಸ್ ಪಂಗಡ ಮತ್ತು ಕಾರ್ಡಿನಲ್ ಪಂಗಡ. ವರ್ಷಕ್ಕೊಮ್ಮೆ ಕುಣಿತದ ಪಂದ್ಯ. ಆ ದಿನ ಗಂಡ ಒಂದು ಕಡೆ ಕೂತರೆ ಹೆಂಡತಿ ಎದುರು ಕಡೆ. ಒಸ್ಮಾರ್ ಡಿಸ್ಕಸ್, ಜುಲ್ಮೀರಾ ಕಾರ್ಡಿನಲ್. ಮನೆಯಲ್ಲಿ ಮಾತ್ರ ಒಂದೇ ತೊಟ್ಟಿ. ಅವನ ಎರಡು ಡಿಸ್ಕಸ್, ಅವಳ ಅರವತ್ತು ಕೆಂಪು ಕಾರ್ಡಿನಲ್ ಮರಿಗಳು. ತಳದಲ್ಲಿ ಒಸ್ಮಾರನೇ ಬಿಟ್ಟಿದ್ದ ಒಂದು ಅಕರಿ, ಕಲ್ಲಿನಂಥ ಮೈಯ, ಹೀರುವ ಬಾಯಿಯ ಮೀನು. ಸಾಯುವ ಹಿಂದಿನ ದಿನ ಅವನು ಹೆಂಡತಿಯ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಎಲ್ಲವನ್ನೂ ಒಟ್ಟಿಗೇ ಇಟ್ಕೊ."

* * *

ನಾನು ಹೋಗಿ ಹವಾಲ್ದಾರ್ ಜಂಡಿರಾಳನ್ನು ಕರೆತಂದೆ. ಕದ್ದ ದೋಣಿಯ ಮೋಟಾರು ಹುಡುಕುವುದೇ ಅವಳ ದಿನದ ಕೆಲಸ.

"ಏನು ಬರ್ಕೊಳ್ಳಲಿ ತಾತ? ಮೀನಿನ ಮೇಲೆ ಹಲ್ಲೆ ಅಂತಲಾ?"

"ನಗಬೇಡ ಮಗಳೇ. ಆ ಹೆಂಗಸು ಅಳ್ತಿದಾಳೆ."

ಜಂಡಿರಾ ನಗು ನಿಲ್ಲಿಸಿದಳು. ಒಳಗೆ ಕಾಲಿಡುವಾಗ ಬಾಗಿಲಿಗೆ ಒತ್ತು ಕೊಟ್ಟಿದ್ದ ಕರಿ ಕೊರಡಿಗೆ ಎಡವಿದಳು. ತೊಟ್ಟಿಯೊಳಗೆ ನೋಡಲು ಬಗ್ಗಿ ಹಣೆ ಢಬ್ಬೆಂದು ಬಡಿದುಕೊಂಡಳು.

"ಅಯ್ಯೋ! ಗಾಜು ಇದೆ ಅಂತಲೇ ಗೊತ್ತಾಗಲ್ವಲ್ಲ!"

ಜುಲ್ಮೀರಾ ಹೆಗಲ ಮೇಲಿನ ಬಟ್ಟೆಯಿಂದ ಗಾಜಿನ ಮೇಲಿನ ಹಣೆಯ ಗುರುತನ್ನು ಒರೆಸಿದಳು.

ವಲ್ಡೀರ್ ಜಗುಲಿಯಿಂದಲೇ ಕೂಗಿದ. "ಏನು ತನಿಖೆ ಮಾಡ್ತೀಯಮ್ಮಾ? ಕಾರ್ಡಿನಲ್‌ಗಳೇ ಕಚ್ಚಿರೋದು. ಅವರ ಪಂಗಡದ ಬುದ್ಧಿ!"

"ಅಕ್ಕಿಕಾಳಷ್ಟು ಬಾಯಿ ಅವಕ್ಕೆ," ಅಂದೆ. "ಗುಂಡಿಯಷ್ಟು ಗಾಯ ಹ್ಯಾಗೆ ಮಾಡ್ತಾವೆ?"

ಜಂಡಿರಾ ನೀರಿಗೆ ಕೈ ಹಾಕಿದಳು. ಬೆಚ್ಚಗಿತ್ತು. ಡಿಸ್ಕಸ್‌ಗೆ ಬೇಕಾದಷ್ಟೇ.

"ಎಲ್ಲಿಯ ನೀರು ಅಕ್ಕಾ?"

"ಊರ ಹಳ್ಳದ್ದೇ. ನಲ್ಲಿ ನೀರು ಒಂದು ತೊಟ್ಟೂ ಹಾಕಿಲ್ಲ. ಅವರು ಇದ್ದಾಗ ಹ್ಯಾಗೋ ಹಾಗೇ."

ನಾನು ಒಂದು ಹನಿ ನಾಲಿಗೆಗೆ ಇಟ್ಟು ನೋಡಿದೆ. ಹಳ್ಳದ ಎಲೆಯ ಒಗರು. ಸುಳ್ಳಲ್ಲ.

ಜಂಡಿರಾ ನನ್ನನ್ನು ಹಿತ್ತಲಿಗೆ ಕರೆದಳು. ದನಿ ತಗ್ಗಿಸಿದಳು.

"ಮೀನು ಬೇಕು ಅಂತಿರೋನು ವಲ್ಡೀರ್. ಅವನೇ ಏನಾದ್ರೂ?"

"ಮೂರು ವಾರ ಅವನು ನನ್ನ ಪಕ್ಕದ ತೂಗುಮಂಚದಲ್ಲಿ ಗೊರಕೆ ಹೊಡೀತಿದ್ದ. ಇಲ್ಲಿಗೆ ಎರಡು ದಿನದ ದಾರಿ."

"ಬಲೆ ತಾಗಿದ ಗಾಯ?"

"ಬಲೆ ಗೀರುತ್ತೆ. ಇದು ದುಂಡಗಿದೆ."

ಅವಳು ತನ್ನ ಅಂಗಿಯ ಗುಂಡಿ ಮುಟ್ಟಿ ನೋಡಿದಳು. "ಯಾರೋ ಬಾಯಿ ಒತ್ತಿ ಹೀರಿದ ಹಾಗಿದೆ, ಅಲ್ವಾ ತಾತ?"

ನಾನೂ ಅದನ್ನೇ ಯೋಚಿಸುತ್ತಿದ್ದೆ. ಆದರೆ ಅಕರಿ ತೊಟ್ಟಿಗೆ ಬಂದು ಎರಡು ವರ್ಷ, ಒಸ್ಮಾರ್ ಇರುವ ತನಕ ಅದು ಯಾರ ಮೈಯನ್ನೂ ಮುಟ್ಟಿರಲಿಲ್ಲ. ಈಗೇಕೆ?

* * *

ಮರುದಿನ ಮಧ್ಯಾಹ್ನ ಜಂಡಿರಾ ಒಸ್ಮಾರನ ತೂಗುಮಂಚದ ಬಟ್ಟೆ ಕೇಳಿ ತಂದಳು. ತೊಟ್ಟಿಯ ಸುತ್ತ ಬಿಗಿಯಾಗಿ ಹೊದಿಸಿದಳು. ಬೀದಿಯಲ್ಲಿ ಉರಿಬಿಸಿಲು. ಒಳಗಿನ ಮೀನಿಗೆ ಕತ್ತಲು.

"ಗಾಯ ಆಗೋದು ಕತ್ತಲಲ್ಲಿ. ಈಗ ಕಾಯೋಣ."

ಕಾದೆವು. ಜುಲ್ಮೀರಾ ಮರಗೆಣಸಿನ ರೊಟ್ಟಿ ಸುಟ್ಟು ತಂದಳು. ವಲ್ಡೀರ್ ಮುಟ್ಟಲಿಲ್ಲ.

"ತಿನ್ನೋ ಮಾರಾಯ. ರೊಟ್ಟಿಗೆ ಪಂಗಡ ಇಲ್ಲ," ಅಂದೆ. ಆಮೇಲೆ ಎರಡು ತಿಂದ.

ಒಂದು ಗಂಟೆಯಾಯಿತು. ಜಂಡಿರಾ ಎದ್ದು ಬಟ್ಟೆಯನ್ನು ಸರಕ್ಕನೆ ಎಳೆದಳು.

ಅಕರಿ ದೊಡ್ಡ ಡಿಸ್ಕಸ್‌ನ ಪಕ್ಕೆಗೆ ಕಚ್ಚಿಕೊಂಡಿತ್ತು. ಬಾಯಿ ಒತ್ತಿ ಹೀರುತ್ತಿತ್ತು. ಬೆಳಕು ಬಿದ್ದದ್ದೇ ಜಾರಿ ಮೂಲೆ ಸೇರಿತು. ಅಲ್ಲೊಂದು ಹೊಸ ಗುಂಡಿ.

"ಕಳ್ಳ ನನ್ಮಗ!" ವಲ್ಡೀರ್ ಚಾಕು ಹಿರಿದ. "ಇವತ್ತು ಸಾರಿಗೆ ಹಾಕ್ತೀನಿ!"

"ನಿಲ್ಲಿ," ಅಂದಳು ಜಂಡಿರಾ. "ಮೊದಲು ಅದರ ಹೊಟ್ಟೆ ನೋಡಿ."

ಅಕರಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಇದು ತಿನ್ನೋದು ಏನು ತಾತ?"

"ಪಾಚಿ. ನೆನೆದ ಮರ. ಅವೆರಡೂ ಸಿಗದಿದ್ರೆ ಡಿಸ್ಕಸ್ ಮೈಯ ಲೋಳೆ. ಡಿಸ್ಕಸ್ ತಾಯಿ ಮರಿಗಳಿಗೆ ಉಣಿಸೋದೇ ಆ ಲೋಳೆಯನ್ನ. ಹಸಿದವನು ರುಚಿ ಕಂಡುಕೊಂಡ."

"ಇಲ್ಲಿ ಪಾಚಿ ಎಲ್ಲಿದೆ?"

ಎಲ್ಲರೂ ತೊಟ್ಟಿ ನೋಡಿದೆವು. ನಾಲ್ಕು ಕಡೆಯ ಗಾಜೂ ಗಾಳಿಯ ಹಾಗೆ ತಿಳಿ.

"ಮರ?"

ಜಂಡಿರಾ ಬಾಗಿಲ ಕಡೆ ತಿರುಗಿ ಆ ಕರಿ ಕೊರಡನ್ನು ನೋಡಿದಳು. ಆಮೇಲೆ ನನ್ನನ್ನು. ಕಳ್ಳರಿಗೆ ಕೋಳ ತೊಡಿಸಿದ ಕೈ, ಟೋಪಿಯ ಅಂಚನ್ನು ಸುಮ್ಮನೆ ಹಿಂಡುತ್ತಿತ್ತು.

ಜುಲ್ಮೀರಾಳೇ ಹೆಗಲಿನ ಬಟ್ಟೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾನೇ," ಅಂದಳು. "ದಿನಾ ಬೆಳಿಗ್ಗೆ ಒರೆಸಿದೆ. ಅವರು ಮುಂದಿನ ಗಾಜು ಮಾತ್ರ ಒರೆಸ್ತಿದ್ರು. ಸೋಮಾರಿ ಅಂತ ಬೈತಿದ್ದೆ. ಕೊರಡು ಕೊಳೆತ ಹಾಗಿತ್ತು, ತೊಟ್ಟಿಯಿಂದ ತೆಗೆದು ಬಾಗಿಲಿಗಿಟ್ಟೆ. ನಾನೇ ಕೊಲ್ತಿದ್ದೆ."

"ಯಾಕಕ್ಕಾ ದಿನಾ ಒರೆಸಿದ್ರಿ?" ಜಂಡಿರಾ ಮೆಲ್ಲಗೆ ಕೇಳಿದಳು.

ಅವಳು ಬಟ್ಟೆಯಿಂದ ಕಣ್ಣೊರೆಸಿಕೊಂಡಳು. ನಾನು ಹೇಳಿದೆ. ಓದು ನನಗೆ ಅಷ್ಟಕ್ಕಷ್ಟೇ. ಕಿವಿಗೆ ಬಿದ್ದದ್ದು ಮಾತ್ರ ಮರೆಯುವುದಿಲ್ಲ.

"ಒಸ್ಮಾರ್ ತೀರಿಕೊಂಡ ಏಳನೆಯ ದಿನದ ಪೂಜೆ ಮುಗಿದು ಹೊರಗೆ ಬಂದಾಗ, ಚರ್ಚಿನ ಮೆಟ್ಟಿಲ ಮೇಲೆ ಒಬ್ಬರು ಎಲ್ಲರ ಮುಂದೆ ಅಂದ್ರು: 'ಕಾರ್ಡಿನಲ್‌ನವಳ ಕೈಯಲ್ಲಿ ಡಿಸ್ಕಸ್ ಉಳಿದ ಹಾಗೇ ಇದೆ! ತೊಟ್ಟಿಯ ಗತಿ ಬೀದಿಯಿಂದಲೇ ಕಾಣುತ್ತೆ, ನೋಡ್ತಿರಿ.' ಅವತ್ತಿನಿಂದ ಇವಳು ಒರೆಸ್ತಿದಾಳೆ. ಬೀದಿಯಲ್ಲಿ ಹೋಗೋರು ಒಂದು ಕಲೆಯನ್ನೂ ತೋರಿಸಬಾರದು ಅಂತ."

"ಅಂದಿದ್ದು ಯಾರು ತಾತ?"

ನಾನು ಹೆಸರು ಹೇಳಲಿಲ್ಲ. ಹೇಳಬೇಕಾಗಲಿಲ್ಲ.

ವಲ್ಡೀರ್ ಚಾಕು ಮಡಚಿದ. ತುಂಬಾ ಹೊತ್ತು ನೆಲ ನೋಡಿದ. ಆಮೇಲೆ ಬಾಗಿಲಿಗೆ ಹೋಗಿ ಕೊರಡು ಎತ್ತಿಕೊಂಡು ಹಳ್ಳದ ನೀರಲ್ಲಿ ತೊಳೆದ. ತೊಟ್ಟಿಯೊಳಗೆ ಬಿಟ್ಟ. ಒಣಗಿದ ಕೊರಡು ತೇಲಿತು. ಮತ್ತೆ ಒತ್ತಿದ, ಮತ್ತೆ ತೇಲಿತು.

"ಹಾಗಲ್ಲ," ಅಂದಳು ಜುಲ್ಮೀರಾ, ಅಳುತ್ತಲೇ. "ಕಲ್ಲು ಕಟ್ಟಬೇಕು. ನಿಮ್ಮಣ್ಣ ಹಾಗೇ ಮಾಡಿದ್ದು."

"ಕಟ್ಟೋಣ ಅತ್ತಿಗೆ. ನೀವು ಹಿಡ್ಕೊಳ್ಳಿ."

ಇಬ್ಬರ ಕೈಯೂ ಮೊಣಕೈವರೆಗೆ ನೀರಿನಲ್ಲಿತ್ತು. ಕಾರ್ಡಿನಲ್ ಮರಿಗಳು ಅವರ ಬೆರಳುಗಳ ನಡುವೆ ಹಾದು ಹೋಗುತ್ತಿದ್ದವು. ಅಕರಿಗೆ ನಾನು ಬೆಂದ ಕುಂಬಳದ ಹೋಳು ಹಾಕಿದೆ. ಬಾಚಿಕೊಂಡು ತಿಂದಿತು.

ಜಂಡಿರಾ ಪುಸ್ತಕ ಮಡಚಿ ಜೇಬಿಗಿಟ್ಟಳು. ಏನೂ ಬರೆದಿರಲಿಲ್ಲ.

* * *

ಗುರುವಾರದ ಹೊತ್ತಿಗೆ ಹೊಸ ಗಾಯ ಇಲ್ಲ. ಹಳೆಯವು ಮಾಯುತ್ತಾ ಅಂಚಿನಿಂದ ಕಪ್ಪಾಗತೊಡಗಿದವು. ಹಿಂದಿನ ಗಾಜಿನ ಮೇಲೆ ತೆಳ್ಳಗೆ ಹಸಿರು. ಜುಲ್ಮೀರಾ ಬಟ್ಟೆ ಹಿಡಿದು ಬಂದಳು, ಹಸಿರನ್ನು ನೋಡಿದಳು, ಮುಂದಿನ ಗಾಜನ್ನಷ್ಟೇ ಒರೆಸಿ ಹೋದಳು.

ಶುಕ್ರವಾರ ದೋಣಿ ಬಂದಾಗ ವಲ್ಡೀರ್ ಆ ಮುಚ್ಚಳದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹೊರಟ. ಒಳಗೆ ನೀರಿರಲಿಲ್ಲ, ಮೀನಿರಲಿಲ್ಲ. ಅತ್ತಿಗೆ ಕಟ್ಟಿಕೊಟ್ಟ ರೊಟ್ಟಿಯಿತ್ತು. ಹೋಗುವ ಮೊದಲು ನದಿಯಿಂದ ಒಂದು ಕಲ್ಲು ತಂದು ಬಾಗಿಲಿಗೆ ಒತ್ತು ಕೊಟ್ಟಿದ್ದ.