ನೀಲಿ ಬಿಲ್ಲೆ, ನಂಬರ್ ಆರು

ಫೆಬ್ರವರಿ 17, ಮಂಗಳವಾರ, ಬೆಳಿಗ್ಗೆ 10.20. ಸೆರ್ವಾಲ್ ಠಾಣೆಯ ಮೆಟ್ಟಿಲೇರಿ ಬಂದ ಯಾನಿಕ್ ಲೆಗೊಫ್ ದೂರನ್ನು ಬರೆದುಕೊಂಡೇ ಬಂದಿದ್ದ. ಸಮುದ್ರತೀರದ ಊರಿನವನು. ಎರಡು ದಿನದ ಹಿಂದೆ ಅವನ ಹೆಂಡತಿ ಮೈವೆನ್ ಸ್ಕೀ ದಾರಿಯಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಳು. ನೆರವು ತಲುಪುವಷ್ಟರಲ್ಲಿ ಚಳಿ ಅವಳನ್ನು ಮುಗಿಸಿತ್ತು.

ಇನ್ಸ್‌ಪೆಕ್ಟರ್ ಸೊಲಾಂಜ್ ವಿಬೆರ್ ದೂರನ್ನು ಎರಡು ಸಲ ಓದಿದಳು.

"ರೆಸಾರ್ಟಿನವರ ವರದಿ ನಿನ್ನೇನೇ ಬಂದಿದೆ. ಮಂಜಿನಲ್ಲಿ ದಾರಿ ತಪ್ಪಿ ಕೆಂಪು ದಾರಿಗೆ ಹೋದ್ರು ಅಂತ ಬರೆದಿದ್ದಾರೆ."

"ಅವಳು ಸ್ಕೀ ಕಟ್ಟಿದ್ದು ಅವತ್ತಿಗೆ ನಾಲ್ಕನೇ ದಿನ. ನೀಲಿ ಬಿಟ್ಟು ಬೇರೆ ಬಣ್ಣದ ಹತ್ರಾನೂ ಸುಳೀತಿರ್ಲಿಲ್ಲ. ನಾನು ಹೋದ್ರೆ ನನ್ನೇ ಬೈತಿದ್ಲು."

"ನಿಮಗೀಗ ಏನಾಗಬೇಕು?"

"ಅವಳದೇ ತಪ್ಪು ಅಂತ ಸರ್ಕಾರಿ ಕಾಗದದಲ್ಲಿ ಇರಬಾರದು ಮೇಡಂ. ನಮಗೊಬ್ಬಳು ಮಗಳಿದ್ದಾಳೆ. ನಾಳೆ ಅವಳು ಓದೋದು ಅದನ್ನೇ."

10.55ಕ್ಕೆ ಎಫ್‌ಐಆರ್ ದಾಖಲಾಯಿತು.

ನೀಲಿ ಹೊಸಬರಿಗೆ, ಕೆಂಪು ಪಳಗಿದವರಿಗೆ. ದಾರಿಯುದ್ದಕ್ಕೂ ಕಂಬಗಳು, ಕಂಬದ ತುದಿಗೆ ಬಣ್ಣದ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಬಿದ್ದವರು ಬಣ್ಣ ಮತ್ತು ನಂಬರು ಹೇಳಿದರೆ ಗಸ್ತಿನವರು ನೇರವಾಗಿ ಅಲ್ಲಿಗೇ ಬರುತ್ತಾರೆ. ಸೆರ್ವಾಲಿನಲ್ಲಿ ನೀಲಿ ದಾರಿ ಇದ್ದದ್ದು ಒಂದೇ, ತಗ್ಗಿನ 'ಅಳಿಲು'. ಮೈವೆನ್ ಸಿಕ್ಕಿದ್ದು ಮೇಲಿನ 'ಹದ್ದು' ಎಂಬ ಕೆಂಪು ದಾರಿಯಲ್ಲಿ.

11.40ಕ್ಕೆ ಸೊಲಾಂಜ್ ರೆಸಾರ್ಟಿನ ನಿಯಂತ್ರಣ ಕೊಠಡಿಯಲ್ಲಿದ್ದಳು. ಕರೆ ಸ್ವೀಕರಿಸಿದ್ದ ಕ್ಲೋತಿಲ್ಡ್ ಡಿಸೆಂಬರಿನಲ್ಲಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಅವಳು ಧ್ವನಿಮುದ್ರಿಕೆ ಹಾಕಿದಳು. ಫೆಬ್ರವರಿ 15, ಮಧ್ಯಾಹ್ನ 3.52. ಹಲ್ಲು ಕಟಕಟಿಸುವ ಹೆಣ್ಣುದನಿ. "ದಾರಿ ಹೆಸರು ಗೊತ್ತಿಲ್ಲ. ಬಿಲ್ಲೆ ನೀಲಿ. ಆರು. ಎರಡೆರಡು ಸಲ ನೋಡಿದೆ, ಆರೇ." ಅಷ್ಟಕ್ಕೆ ಫೋನು ಸತ್ತಿತ್ತು.

"ಗೋಡೆ ಮೇಲಿನ ನಕ್ಷೆ ನೋಡಿ ಗಸ್ತಿನವರಿಗೆ ಅಳಿಲು ಅಂತ ಹೇಳ್ದೆ," ಎಂದಳು ಕ್ಲೋತಿಲ್ಡ್. "ನಾನೇನಾದ್ರೂ ತಪ್ಪು ಮಾಡಿದ್ನಾ?"

ಸೊಲಾಂಜ್ ಗೋಡೆಯ ನಕ್ಷೆಯ ಫೋಟೋ ತೆಗೆದುಕೊಂಡಳು.

ಮಧ್ಯಾಹ್ನ 1.15, ಸ್ಥಳ ಪಂಚನಾಮೆ. ಹದ್ದಿನ ಆರನೇ ಕಂಬ. ಬಿಲ್ಲೆ ಕೆಂಪಗೇ ಇತ್ತು. ಹದಿನೈದರ ಸಂಜೆಯವರೆಗೂ ಮೂರು ದಿನ ಕವಿದಿದ್ದ ಮಂಜು ಕಂಬಕ್ಕೆ ಬೆರಳುದ್ದ ಹೆಪ್ಪುಗಟ್ಟಿ ಅಂಟಿತ್ತು. ಆಮೇಲೆ ಎರಡು ದಿನ ಬರೀ ಬಿಸಿಲು. ಕಾನ್‌ಸ್ಟೇಬಲ್ ಲುಬಿನ್ ಕತ್ತೆತ್ತಿ ನೋಡಿದ.

"ಮೇಡಂ, ಕಂಬಕ್ಕೆ ಗಡ್ಡ ಬಂದಿದೆ. ಬಿಲ್ಲೆ ಮಾತ್ರ ಈಗಷ್ಟೇ ಕ್ಷೌರ ಮಾಡಿಸ್ಕೊಂಡು ಬಂದ ಹಾಗಿದೆ."

ಅವಳು ನಗಲಿಲ್ಲ. ಐದನೆಯದು, ನಾಲ್ಕನೆಯದು, ಮೇಲೆ ಹದಿನಾಲ್ಕರವರೆಗೆ ಎಲ್ಲವೂ ಹಾಗೆಯೇ. ಮಂಜು ಸರಿದ ಮೇಲೆ ಯಾರೋ ಹದಿನಾಲ್ಕೂ ಬಿಲ್ಲೆ ಬದಲಿಸಿದ್ದರು. ಪಂಚರು ಸಹಿ ಹಾಕಿದರು.

3.30ಕ್ಕೆ ವಾಕಿಟಾಕಿಯ ಧ್ವನಿಮುದ್ರಿಕೆ ಬಂತು. ಗಸ್ತಿನ ಮುಖ್ಯಸ್ಥ ಅನ್ಸೆಲ್ಮ್ ಫಾವ್ರ್ ನಾಲ್ವರೊಂದಿಗೆ ಅಳಿಲಿನ ಆರನೇ ಕಂಬ ತಲುಪಿದ್ದು 4.04ಕ್ಕೆ. "ಇಲ್ಲಿ ಯಾರೂ ಇಲ್ಲ," ಎಂದು ಒಬ್ಬ ಹೇಳುತ್ತಾನೆ. ಅದಾದ ಮೇಲೆ ಗಾಳಿಯ ಸದ್ದು ಮಾತ್ರ. ಸೊಲಾಂಜ್ ಗಡಿಯಾರ ನೋಡುತ್ತ ಕೇಳಿದಳು. ಹನ್ನೊಂದು ಸೆಕೆಂಡು. ನಂತರ ಅನ್ಸೆಲ್ಮನ ದನಿ: "ಸುತ್ತಲಿನ ಕಾಡು ಹುಡುಕಿ." 4.41ಕ್ಕೆ ಮತ್ತೆ ಅದೇ ದನಿ: "ಹದ್ದಿನಲ್ಲೂ ಒಮ್ಮೆ ನೋಡೋಣ."

ಆ ಹನ್ನೊಂದು ಸೆಕೆಂಡನ್ನು ಅವಳು ಮೂರು ಸಲ ಕೇಳಿದಳು. ಚಿಕ್ಕಂದಿನಲ್ಲಿ ಸೊಲಾಂಜ್‌ಗೆ ಸ್ಕೀ ಕಲಿಸಿದವನು ಅದೇ ಅನ್ಸೆಲ್ಮ್.

4.30ಕ್ಕೆ ಗಸ್ತಿನ ಶೆಡ್ಡಿನಲ್ಲಿ, ಟಾರ್ಪಾಲಿನ ಅಡಿ, ಲುಬಿನ್‌ಗೆ ಹದಿನಾಲ್ಕು ನೀಲಿ ಬಿಲ್ಲೆಗಳು ಸಿಕ್ಕವು. ಅನ್ಸೆಲ್ಮ್ ಬೆಂಚಿನ ಮೇಲೆ ಕೂತು ಸ್ಕೀ ಅಂಚಿಗೆ ಅರ ಉಜ್ಜುತ್ತಿದ್ದ. ಅರವತ್ತೊಂದರ ಮನುಷ್ಯ. ತಲೆ ಎತ್ತಲಿಲ್ಲ.

"ಯಾವಾಗ ನೀಲಿ ಮಾಡಿದ್ದು?" ಸೊಲಾಂಜ್ ಕೇಳಿದಳು.

"ಶಾಲೆ ರಜೆ ಶುರುವಾಗೋ ಹಿಂದಿನ ದಿನ."

"ದರ್ಜೆ ಬದಲಿಸೋಕೆ ಸುರಕ್ಷತಾ ಸಮಿತಿ ಒಪ್ಪಿಗೆ ಬೇಕು."

"ಆ ನಿಯಮ ಬರೆದವರಲ್ಲಿ ನಾನೂ ಒಬ್ಬ, ಸೊಲಾಂಜ್."

"ಮೇಲಿನವರು ಹೇಳಿದ್ರಾ?"

"ಶಿಖರದಿಂದ ನೀಲಿ ದಾರಿ ಇದ್ರೆ ಹೊಸಬರು ಬರ್ತಾರೆ ಅಂದ್ರು. ಮಾಡು ಅನ್ನಲಿಲ್ಲ. ಮಾಡಿದ ಮೇಲೆ ಯಾಕೆ ಅಂತಾನೂ ಕೇಳಲಿಲ್ಲ."

"ನಿಮ್ಮ ಹುಡುಗರು?"

"ನೋಡಿದ್ರು. ಸುಮ್ಮನಿದ್ರು."

"ನಿಯಂತ್ರಣ ಕೊಠಡಿಗೆ?"

ಅರ ನಿಂತಿತು. "ಅಲ್ಲಿನ ನಕ್ಷೆ ಬದಲಿಸೋದು ಮರೆತೆ. ಬೆಟ್ಟದಲ್ಲಿ ಎರಡು ನೀಲಿ ಆರು ಆಗುತ್ತೆ ಅನ್ನೋದು ತಲೆಗೇ ಬರ್ಲಿಲ್ಲ. ನಲವತ್ತು ವರ್ಷದಿಂದ ಇದೇ ಕೆಲಸ."

"ಯಾವಾಗ ಬಂತು?"

"ಅಳಿಲಿನಲ್ಲಿ ಯಾರೂ ಇಲ್ಲ ಅಂದಾಗ."

"ಆಮೇಲೆ ಮೂವತ್ತೇಳು ನಿಮಿಷ ಕಾಡಲ್ಲಿ ಏನು ಹುಡುಕಿದ್ರಿ?"

ಅವನು ಸ್ಕೀಯನ್ನು ಬೆಂಚಿಗೆ ಒರಗಿಸಿಟ್ಟ. "ಅಲ್ಲಿಂದ ಹದ್ದಿಗೆ ಹೋಗಬೇಕಾದ್ರೆ ಯಾಕೆ ಅಂತ ನಾಲ್ಕು ಜನರೆದುರು ಹೇಳಬೇಕಿತ್ತು. ಇಲ್ಲೇ ಎಲ್ಲೋ ಇರಲಿ ದೇವರೇ ಅಂದ್ಕೊಂಡು ಹುಡುಕಿದೆ. ಸಿಗಲ್ಲ ಅಂತ ಗೊತ್ತಿತ್ತು."

"ಡಾಕ್ಟರ್ ಹೇಳಿದಾರೆ. ನಾಲ್ಕೂಕಾಲಿಗೆ ಹೋಗಿದ್ರೆ ಬದುಕ್ತಿದ್ಲು."

"ಕೆಳಗೆ ಹೊತ್ತು ತಂದಿದ್ದು ನಾನೇ. ನನಗೆ ಡಾಕ್ಟರ್ ಬೇಕಾಗಿಲ್ಲ."

5.10ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಮತ್ತು ಸಾಕ್ಷ್ಯ ನಾಶ ಮಾಡಿದ ಆರೋಪದ ಮೇಲೆ ಅನ್ಸೆಲ್ಮ್ ಫಾವ್ರ್‌ನನ್ನು ಬಂಧಿಸಲಾಯಿತು. ಅವನು ಅರವನ್ನು ಒರೆಸಿ ಅದರ ಜಾಗದಲ್ಲಿಟ್ಟು ಎದ್ದು ಬಂದ. ಅವನಿಗೆ ಬಿಲ್ಲೆ ಬದಲಿಸುವ ಮನಸ್ಸು ಬಂದಿದ್ದೇಕೆ ಎಂಬುದು ಹೇಳಿಕೆಯ ಕೊನೆಯ ಪುಟದಲ್ಲಿದೆ. ಅವನು ಹುಟ್ಟಿದ್ದು ಪಕ್ಕದ ಕಣಿವೆಯಲ್ಲಿ. ಅಲ್ಲಿ ತಗ್ಗಿನ ಹಿಮ ನಿಲ್ಲದಾಗಿ ಹೊಸಬರು ಬರುವುದು ನಿಂತಿತು. ಮೊದಲು ಸ್ಕೀಗರನ್ನು ಬೆಟ್ಟದ ಮೇಲೆ ಒಯ್ಯುವ ಲಿಫ್ಟ್ ಮುಚ್ಚಿತು, ನಂತರ ಶಾಲೆ, ಕೊನೆಗೆ ಬ್ರೆಡ್ಡಿನ ಅಂಗಡಿ. ತುಕ್ಕು ಹಿಡಿದ ಆ ಲಿಫ್ಟಿನ ಕಂಬಗಳ ನಡುವೆ ಈಗ ಯಾರೂ ವಾಸವಿಲ್ಲ. ಸೆರ್ವಾಲಿನ ತಗ್ಗಿನಲ್ಲೂ ನಾಲ್ಕು ವರ್ಷದಿಂದ ಯಂತ್ರದ ಹಿಮವೇ. "ಇನ್ನೊಂದು ಊರು ಹಾಗಾಗೋದನ್ನ ನೋಡೋ ಶಕ್ತಿ ನನಗಿರಲಿಲ್ಲ" ಎಂದು ಬರೆಸಿ ಸಹಿ ಹಾಕಿದ್ದಾನೆ. ಆ ಚಳಿಗಾಲ ಸೆರ್ವಾಲಿನ ಲಿಫ್ಟುಗಳು ಮತ್ತೆ ತಿರುಗಲಿಲ್ಲ.

ಫೆಬ್ರವರಿ 26ರ ಬೆಳಿಗ್ಗೆ ಸೊಲಾಂಜ್ ಯಾನಿಕ್‌ಗೆ ಫೋನ್ ಮಾಡಿ ಅಂತಿಮ ವರದಿಯ ಒಂದು ವಾಕ್ಯ ಓದಿದಳು: "ಮೃತರು ನೀಲಿ ಎಂದು ಗುರುತಿಸಲಾಗಿದ್ದ ದಾರಿಯಲ್ಲೇ ಇದ್ದರು, ತಾವಿದ್ದ ಜಾಗವನ್ನು ಸರಿಯಾಗಿಯೇ ತಿಳಿಸಿದ್ದರು."

ಆ ಕಡೆ ಫೋನು ಕೈ ಬದಲಾಯಿಸಿದ ಸದ್ದು ಕೇಳಿತು.

"ಇನ್ನೊಂದ್ಸಲ ಓದ್ತೀರಾ?" ಎಂದಿತು ಒಂದು ಪುಟ್ಟ ಹೆಣ್ಣುದನಿ.